ಶೆಡ್ಡಿನಲ್ಲಿ ಪಳಗಿದ ಎಂಜಿನ್‌ಗಳು

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ಶೆಡ್ಡಿನ ಫಿಟ್ಟರ್ ಶೇಖರಪ್ಪ ಕೆಲಸ ಬಿಟ್ಟು ಹೋದ ದಿನ ಮಳೆ ಹನಿಯುತ್ತಿತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. ಅವರು ಬಾಗಿಲಲ್ಲಿ ನಿಂತು ಕೊಡೆ ಬಿಚ್ಚಿದ್ದು ಕಣ್ಣಿಗೆ ಕಟ್ಟಿದೆ. ಆದರೆ ಆ ದಿನದ ದಿನಚರಿ ತೆಗೆದರೆ ನನ್ನದೇ ಕೈಬರಹದಲ್ಲಿ ‘ಬಿಸಿಲು ಜಾಸ್ತಿ, ಮೆಥನಾಲ್ ಡ್ರಮ್ಮು ನೆರಳಿಗೆ ಸರಿಸಿದೆವು’ ಎಂದಿದೆ. ಬಿಸಿಲಿಗೂ ಕೊಡೆ ಬಿಚ್ಚುತ್ತಾರೆ ಎನ್ನಿ. ಹಾಗಾದರೆ ಮಳೆ ಎಲ್ಲಿಂದ ಬಂತು? ದಿನಚರಿಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಸಂಜೆ ಮನೆಗೆ ಬಂದು, ಕೈಗೆ ಹತ್ತಿದ ಜಿಡ್ಡು ತೊಳೆದು, ಊಟಕ್ಕೆ ಮೊದಲು ಬರೆದದ್ದು ಅದು. ಸಿಟ್ಟು ಬಂದ ದಿನ ಒಂದು ರೀತಿ, ಹಸಿವಾದ ದಿನ ಇನ್ನೊಂದು ರೀತಿ. ಈ ಕೆಲಸಕ್ಕೆ ಹೊಸದಾಗಿ ಬರುವ ಕಿರಿಯರು ನನ್ನ ಮಾತನ್ನು ಎಂಜಿನ್ ತಂದ ಗಿರಾಕಿಯ ಮಾತಿನಂತೆ ತೆಗೆದುಕೊಂಡರೆ ಸಾಕು: ಕೇಳಿಸಿಕೊಳ್ಳಬೇಕು, ಆಮೇಲೆ ಮುಚ್ಚಳ ತೆಗೆದು ನೋಡಬೇಕು.

ನಾನು ಕೆಲಸ ಮಾಡಿದ್ದು ಕಡೂರಿನಲ್ಲಿ, ಬೀರೂರು ರಸ್ತೆಯ ಪಕ್ಕ, ನನ್ನ ಚಿಕ್ಕಪ್ಪನ ಶೆಡ್ಡಿನಲ್ಲಿ. ರಿಮೋಟಿನಿಂದ ಹಾರಿಸುವ ಮಾದರಿ ವಿಮಾನಗಳ ಎಂಜಿನ್‌ಗಳನ್ನು, ಅದರಲ್ಲೂ ಫೋರ್-ಸ್ಟ್ರೋಕ್ ಎಂಜಿನ್‌ಗಳನ್ನು ಪಳಗಿಸಿ ಕೊಡುವುದು, ಕೆಟ್ಟರೆ ಸರಿಮಾಡುವುದು ನಮ್ಮ ಕಸುಬು. ಚಿಕ್ಕಪ್ಪ ಹೊರರಾಜ್ಯದಲ್ಲಿ ದೊಡ್ಡ ವಿಮಾನಗಳ ಎಂಜಿನ್ ಬಿಚ್ಚುವ ಕೆಲಸದಲ್ಲಿದ್ದು, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಊರಿಗೆ ಬಂದವರು. ಮನೆಯ ಹಿಂದಿನ ತೆಂಗಿನ ತೋಟದಲ್ಲಿ ಶೆಡ್ಡು ಹಾಕಿದರು. ಎಂಜಿನ್ ಕೂಗಿದರೆ ಬಯ್ಯುವವರು ಅಲ್ಲಿ ಯಾರೂ ಇರಲಿಲ್ಲ. ಕಾಲೇಜುಗಳು, ಹಾರಿಸುವ ಹವ್ಯಾಸದ ಸಂಘಗಳು ಹೊಸ ಎಂಜಿನ್‌ಗಳನ್ನು ರೈಲು ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದವು. ನಾವು ಪಳಗಿಸಿ, ಎಣ್ಣೆ ಬಿಟ್ಟು, ಹಿಂದಕ್ಕೆ ಕಳಿಸುತ್ತಿದ್ದೆವು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಲೆಕ್ಚರರ್ ಹುದ್ದೆಗೆ ಕಾಯುತ್ತಿದ್ದಾಗ ‘ಸುಮ್ನೆ ಕೂತಿರೋ ಬದ್ಲು ಬಾ’ ಎಂದು ಚಿಕ್ಕಪ್ಪ ಕರೆದರು. ಹುದ್ದೆ ಬರಲಿಲ್ಲ. ಬಂದಿದ್ದರೂ ಹೋಗುತ್ತಿರಲಿಲ್ಲ ಎಂದು ಈಗ ಹೇಳುತ್ತೇನೆ. ಆಗ ಹಾಗೆ ಅನ್ನಿಸಿತ್ತೋ ಇಲ್ಲವೋ ತಿಳಿಯದು.

ಪಳಗಿಸುವುದು ಎಂದರೆ ಇಷ್ಟು. ಹೊಸ ಎಂಜಿನ್ನಿನ ಪಿಸ್ಟನ್ ಮೇಲಿನ ಉಂಗುರಕ್ಕೂ ಸಿಲಿಂಡರಿನ ಗೋಡೆಗೂ ಇನ್ನೂ ಹೊಂದಿಕೆ ಇರುವುದಿಲ್ಲ. ಅದನ್ನು ಬೆಂಚಿಗೆ ಬಿಗಿದು, ಬೇಕಾದ್ದಕ್ಕಿಂತ ಹೆಚ್ಚು ಇಂಧನ ಹೋಗುವಂತೆ ನೀಡಲ್ ಎಂಬ ತಿರುಪನ್ನು ಸಡಿಲ ಬಿಟ್ಟು, ಸ್ವಲ್ಪ ಹೊತ್ತು ಓಡಿಸಬೇಕು. ನಿಲ್ಲಿಸಿ ಪೂರ್ತಿ ತಣಿಯಲು ಬಿಡಬೇಕು. ಮತ್ತೆ ಓಡಿಸಬೇಕು, ಈ ಸಲ ತಿರುಪನ್ನು ಒಂದು ಕೂದಲೆಳೆ ಬಿಗಿ ಮಾಡಿ. ಹೀಗೆ ಬಿಸಿ, ತಂಪು, ಬಿಸಿ, ತಂಪು. ಕೊನೆಗೆ ತಣ್ಣಗಿರುವಾಗ ವಾಲ್ವುಗಳ ಮೇಲಿನ ಟ್ಯಾಪೆಟ್ ಸಂದನ್ನು ಕಾಗದಕ್ಕಿಂತ ತೆಳುವಾದ ತಗಡಿನಿಂದ ಅಳೆದು ಸರಿಪಡಿಸಬೇಕು. ಕಡೆಯದಾಗಿ ಒಳಗಿನ ಇಂಧನವೆಲ್ಲ ಉರಿದು ಮುಗಿಯುವಂತೆ ಓಡಿಸಿ, ಬೇರಿಂಗುಗಳಿಗೆ ತುಕ್ಕು ಹಿಡಿಯದಂತೆ ಕಾಪಿನ ಎಣ್ಣೆ ಬಿಟ್ಟು, ಕೈಯಲ್ಲಿ ತಿರುಗಿಸಿ ಇಡಬೇಕು. ಇಂಧನದಲ್ಲಿರುವ ಮೆಥನಾಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಈ ಕಡೆಯ ಎಣ್ಣೆ ತಪ್ಪಿದರೆ ಹಿಂದಿನ ಬೇರಿಂಗು ಹಾಳು.

ಇದನ್ನೆಲ್ಲ ಮಾಡಿದ ಎಂಜಿನ್ನಿಗೂ ಮಾಡದ ಎಂಜಿನ್ನಿಗೂ ಹೊರಗಿನಿಂದ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಗಿರಾಕಿ ನಮ್ಮಿಂದ ಒಯ್ಯುತ್ತಿದ್ದದ್ದು ‘ಮಾಡಿದ್ದೇವೆ’ ಎಂಬ ಮಾತನ್ನು. ಅವನು ನಮ್ಮನ್ನು ಅನುಮಾನಿಸುತ್ತಿದ್ದ, ನಾವು ಅವನನ್ನು ಅನುಮಾನಿಸುತ್ತಿದ್ದೆವು, ಇಬ್ಬರೂ ಸೇರಿ ಎಂಜಿನ್ನನ್ನು ಅನುಮಾನಿಸುತ್ತಿದ್ದೆವು. ಯಾವ ಎಂಜಿನ್ ಬಂದರೂ ಚಿಕ್ಕಪ್ಪ ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಯಾರು ಮುಟ್ಟಿದ್ದು?’ ಏನು ಕೆಟ್ಟಿದೆ ಎಂಬುದು ಆಮೇಲೆ.

ಅಜ್ಜಂಪುರದ ಕಲ್ಲೇಶಪ್ಪ ಮೊದಲ ಸಲ ಬಂದದ್ದನ್ನು ಹೇಳಬೇಕು. ಶಿವನಿ ಕಡೆ ಅವರಿಗೆ ಖುಷ್ಕಿ ಜಮೀನಿತ್ತು. ಈರುಳ್ಳಿ ಕಿತ್ತ ಮೇಲೆ ಹೊಲವನ್ನು ಕುಂಟೆ ಹೊಡೆದು ಸಮ ಮಾಡಿ ವಿಮಾನ ಇಳಿಸುವ ಮೈದಾನ ಮಾಡಿಕೊಂಡಿದ್ದರು. ಸುತ್ತಲಿನ ಹವ್ಯಾಸಿಗಳೆಲ್ಲ ಭಾನುವಾರ ಅಲ್ಲೇ ಸೇರುವುದು. ತಂದ ಎಂಜಿನ್ನು ನಿಧಾನಗತಿಗೆ ಇಳಿಸಿದರೆ ಆರಿಹೋಗುತ್ತಿತ್ತು.

“ನಾನು ಮುಟ್ಟೇ ಇಲ್ಲ ಸರ್,” ಎಂದರು.

ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ ಎಂಜಿನ್ನಿನ ತಲೆಯ ಮೇಲಿನ ನಟ್ಟನ್ನು ನೋಡಿದರು. “ಏನಪ್ಪಾ, ಇದಕ್ಕೆ ಇಲಿ ಕಚ್ಚಿದೆಯಲ್ಲ?”

“ಇರ್ಬೋದು ಸರ್. ಈರುಳ್ಳಿ ಗೋಡೌನಲ್ಲಿ ಇಟ್ಟಿದ್ದೆ.”

“ಇಕ್ಕಳ ಹಿಡ್ಕೊಂಡಿರೋ ಇಲಿ.”

ಕಲ್ಲೇಶಪ್ಪ ನಗಲಿಲ್ಲ. ಮೂಲೆಯಲ್ಲಿ ಕಾರ್ಬ್ಯುರೇಟರ್ ತೊಳೆಯುತ್ತಿದ್ದ ಶೇಖರಪ್ಪ ಮುಖ ಆ ಕಡೆ ತಿರುಗಿಸಿಕೊಂಡರು. ಮುಚ್ಚಳ ತೆಗೆದಾಗ ಟ್ಯಾಪೆಟ್ಟಿಗೆ ಸಂದೇ ಇರಲಿಲ್ಲ. ವಾಲ್ವು ಪೂರ್ತಿ ಮುಚ್ಚದೆ ಉಸಿರು ಸೋರುತ್ತಿತ್ತು. ಸೋರಿಕೆ ಪತ್ತೆಗೆ ಯಂತ್ರ ಬೇಡ. ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ, ಒಳಗಿನ ಗಾಳಿ ಒತ್ತಿ ಕೈಗೆ ತಡೆ ಸಿಗುವ ಜಾಗದಲ್ಲಿ ಹಿಡಿದು ನಿಲ್ಲಿಸಿ, ಕಿವಿ ಕೊಡಬೇಕು. ಕಾರ್ಬ್ಯುರೇಟರಿನಲ್ಲಿ ಸುಯ್ ಎಂದರೆ ಒಳಬರುವ ವಾಲ್ವು, ಹೊಗೆಕೊಳವೆಯಲ್ಲಿ ಸುಯ್ ಎಂದರೆ ಹೊರಹೋಗುವ ವಾಲ್ವು, ಎಂಜಿನ್ನಿನ ಒಡಲಿನ ಗಾಳಿ ಹೊರಬಿಡುವ ಕೆಳಗಿನ ಉಸಿರುಮೂತಿಯಲ್ಲಿ ಬಂದರೆ ಉಂಗುರ. ಬಿಚ್ಚುವ ಮೊದಲು ಇದನ್ನು ಕೇಳಿಸಿಕೊಳ್ಳದವರನ್ನು ಶೇಖರಪ್ಪ ಬೆಂಚಿನ ಹತ್ತಿರ ಬಿಡುತ್ತಿರಲಿಲ್ಲ. ನನ್ನನ್ನೂ ಬಿಟ್ಟಿರಲಿಲ್ಲ.

ಶೇಖರಪ್ಪ ತರೀಕೆರೆಯವರು. ದಿನಾ ಬೆಳಿಗ್ಗೆ ರೈಲಿನಲ್ಲಿ ಬಂದು ಸಂಜೆ ರೈಲಿಗೆ ಹೋಗುತ್ತಿದ್ದರು. ಮಾತು ಕಡಿಮೆ, ಆಡಿದರೆ ಚುಚ್ಚು. ಒಮ್ಮೆ ತರೀಕೆರೆಯ ಹುಡುಗರ ವಿಮಾನವೊಂದು ನೆಲದ ಮೇಲೆ ಚೆನ್ನಾಗಿ ಓಡಿ, ಮೂಗು ಮೇಲೆತ್ತಿದ ತಕ್ಷಣ ಸೊರಗುತ್ತಿತ್ತು. ಎಲ್ಲರೂ ನೀಡಲ್ ತಿರುಗಿಸಿ ತಿರುಗಿಸಿ ಸುಸ್ತಾಗಿದ್ದರು. ನಾನು ಸಾಂದ್ರತೆ, ಉಷ್ಣತೆ ಎಂದು ಏನೇನೋ ಹೇಳಿದೆ. ಕೊನೆಗೆ ಓಡುತ್ತಿರುವ ವಿಮಾನವನ್ನೇ ಕೈಯಲ್ಲಿ ಎತ್ತಿ ಮೂಗು ಆಕಾಶಕ್ಕೆ ಮಾಡಿ ಹಿಡಿದು ನೋಡಿದೆವು. ಸೊರಗಿತು. ಟ್ಯಾಂಕಿನೊಳಗಿನ ರಬ್ಬರ್ ನಳಿಕೆಯಲ್ಲಿ ಸೂಜಿಮೊನೆಯಷ್ಟು ತೂತು. ಮೂಗು ಮೇಲೆದ್ದಾಗ ಆ ತೂತು ಇಂಧನದಿಂದ ಹೊರಬಂದು ಗಾಳಿ ಎಳೆಯುತ್ತಿತ್ತು. ತೂತು ಕಂಡುಹಿಡಿದದ್ದು ನಾನು ಎಂದು ನನ್ನ ನೆನಪು. ಶೇಖರಪ್ಪನವರು ತಾವು ಎನ್ನುತ್ತಾರೆ. ದಿನಚರಿಯಲ್ಲಿ ‘ತೂತು ಸಿಕ್ಕಿತು’ ಎಂದಷ್ಟೇ ಇದೆ, ಯಾರಿಗೆ ಎಂದಿಲ್ಲ.

ಮೇಲಧಿಕಾರಿ ಎಂದರೆ ನನಗೆ ಚಿಕ್ಕಪ್ಪ ಒಬ್ಬರೇ. ಒಳ್ಳೆಯ ಕೈ, ಆದರೆ ತಪ್ಪನ್ನು ಒಪ್ಪಿಕೊಳ್ಳಲು ಬಾರದು. ಒಂದು ಸಲ ಬೆಂಗಳೂರಿನಿಂದ ಒಂದು ಸಂಘದವರು ಶೆಡ್ಡು ನೋಡಲು ಬಂದಿದ್ದರು. ಬೆಂಚಿನ ಮೇಲೆ ತಲೆಕೆಳಗಾಗಿ ಕೂರಿಸಿದ್ದ ಎಂಜಿನ್ ಇತ್ತು. ಹಾಗೆ ಕೂರಿಸಿದಾಗ ಟ್ಯಾಂಕಿನ ಇಂಧನ ತಾನಾಗಿಯೇ ಇಳಿದು ಸಿಲಿಂಡರು ತುಂಬಿರಬಹುದು, ಆದ್ದರಿಂದ ಸ್ಟಾರ್ಟರ್ ಹಿಡಿಯುವ ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸಬೇಕು ಎಂಬುದು ಚಿಕ್ಕಪ್ಪನೇ ಮಾಡಿದ ನಿಯಮ. ಬಂದವರ ಜೊತೆ ಮಾತಾಡುತ್ತಲೇ ಅವರು ನೇರ ಸ್ಟಾರ್ಟರ್ ಒತ್ತಿದರು. ಟಕ್ ಎಂದು ಒಂದು ಸದ್ದು. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಪಿಸ್ಟನ್ ತಳ್ಳುವ ಕನೆಕ್ಟಿಂಗ್ ರಾಡ್ ಬಗ್ಗಿತು.

ಚಿಕ್ಕಪ್ಪ ಅಲುಗಲಿಲ್ಲ. “ನೋಡಿ, ಹಿಂಗೆ ಮಾಡಬಾರದು ಅಂತ ತೋರಿಸಿದ್ದು,” ಎಂದರು.

“ಚೆನ್ನಾಗ್ ತೋರ್ಸಿದ್ರಿ ಸರ್,” ಎಂದರು ಶೇಖರಪ್ಪ. ಮುಖದಲ್ಲಿ ಏನೂ ಇರಲಿಲ್ಲ.

ಬಂದವರು ನಕ್ಕರು. ಅದಾದ ಮೇಲೆ ಕೆಲವು ದಿನ ಚಿಕ್ಕಪ್ಪ ಶೇಖರಪ್ಪನವರಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದರು. ಅವರು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆ ನಗು ಚಿಕ್ಕಪ್ಪನ ಹೊಟ್ಟೆಯಲ್ಲಿ ಎಷ್ಟು ದಿನ ಉಳಿಯಿತು ಎಂದು ಆಗ ನಾನು ಯೋಚಿಸಿರಲಿಲ್ಲ.

ವಿಧಾನದ ಬಗ್ಗೆ ನಮಗೆ ಜಗಳವಿತ್ತು. ಚಿಕ್ಕಪ್ಪ ಹಳೆಯ ಪದ್ಧತಿಯವರು. ಎಂಜಿನ್ನನ್ನು ಇಂಧನದಲ್ಲಿ ಮುಳುಗಿಸಿದ ಹಾಗೆ ತೋಯಿಸಿ ತುಂಬಾ ಹೊತ್ತು ಓಡಿಸುವುದು ಅವರ ಪಾಠ. ಫೋರ್-ಸ್ಟ್ರೋಕಿಗೆ ಅದು ಸರಿಯಲ್ಲ, ಅಷ್ಟು ತೋಯ್ದರೆ ಅದು ಬೇಕಾದ ಬಿಸಿಗೇ ಬರುವುದಿಲ್ಲ, ಬಿಸಿಗೆ ಬರದೆ ಉಂಗುರ ಕೂರುವುದಿಲ್ಲ, ಚಿಕ್ಕ ಚಿಕ್ಕ ಓಟಗಳಲ್ಲಿ ಬಿಸಿ ಮಾಡಿ ತಣಿಸಬೇಕು ಎಂದು ನಾನು ವಾದಿಸಿದೆ. ಅವರು ಒಪ್ಪಿದರೋ, ಕೇಳಿ ಕೇಳಿ ಬೇಸತ್ತರೋ, ನನ್ನ ರೀತಿಗೇ ಬಂದೆವು. ಎಣ್ಣೆಯ ವಿಷಯದಲ್ಲಿ ಮಾತ್ರ ಅವರು ಬಿಟ್ಟುಕೊಡಲಿಲ್ಲ. ಜಾರಿಕೆಗೆಂದು ಇಂಧನಕ್ಕೆ ಬೆರೆಸುವ ಸಿಂಥೆಟಿಕ್ ಎಣ್ಣೆಯ ಜೊತೆ ಹರಳೆಣ್ಣೆಯೂ ಇರಲೇಬೇಕು. “ಬೇರೆ ಎಣ್ಣೆ ಬಿಸಿಯಾದ್ರೆ ಓಡೋಗತ್ತೆ ಕಣೇ, ಹರಳೆಣ್ಣೆ ಅಂಟ್ಕೊಂಡಿರತ್ತೆ,” ಎನ್ನುತ್ತಿದ್ದರು. ಅದು ನಿಜವೇ. ಕಡೂರಿನ ಒಂದು ಎಣ್ಣೆ ಮಿಲ್ಲಿನಿಂದ ಹಸಿ ಬೀಜ ಒತ್ತಿ ಸೋಸಿದ ಹರಳೆಣ್ಣೆ ತರಿಸಿ, ತಗಡಿನ ಡಬ್ಬದಲ್ಲಿ ಮನೆಯ ಹಿಂದಿನ ಉಗ್ರಾಣದಲ್ಲಿ ಇಡುತ್ತಿದ್ದೆವು. ಶೆಡ್ಡಿನಲ್ಲಿ ಬೆಂಕಿಯ ಭಯವಿತ್ತು. ಇಂಧನ ಬೆರೆಸುವ ಕೆಲಸ ನನ್ನದು, ಕಡೆಯ ಕಾಪಿನ ಎಣ್ಣೆ ಬಿಟ್ಟು ಪ್ಯಾಕ್ ಮಾಡುವ ಕೆಲಸ ಶೇಖರಪ್ಪನವರದು.

ಬ್ಯಾಟರಿ ಮೋಟಾರುಗಳು ಬಂದ ಮೇಲೆ ಪಾರ್ಸೆಲ್ಲುಗಳು ಕಡಿಮೆಯಾದವು. ಚಿಕ್ಕಪ್ಪ ಊಟಕ್ಕೆ ಕೂತಾಗ, “ಇನ್ನು ಇಬ್ಬರಿಗೆ ಆಗೋವಷ್ಟು ಕೆಲ್ಸ ಇಲ್ಲ,” ಎಂದು ತಟ್ಟೆಗೆ ಹೇಳುವುದನ್ನು ಕೇಳಿದ್ದೇನೆ. ಇಬ್ಬರು ಎಂದರೆ ಶೇಖರಪ್ಪ ಮತ್ತು ನಾನು.

ಅದೇ ಕಾಲಕ್ಕೆ ಎಂಜಿನ್‌ಗಳು ಹಿಂದಕ್ಕೆ ಬರತೊಡಗಿದವು. ಮೊದಲು ಅಜ್ಜಂಪುರದಿಂದ, ಆಮೇಲೆ ತರೀಕೆರೆಯಿಂದ, ಆಮೇಲೆ ದೂರದ ಒಂದು ಕಾಲೇಜಿನಿಂದ. ಎಲ್ಲದರಲ್ಲೂ ಒಂದೇ ರೋಗ. ಪೆಟ್ಟಿಗೆಯಲ್ಲಿ ಸ್ವಲ್ಪ ದಿನ ಇಟ್ಟಿದ್ದರೆ ಸಾಕು, ವಾಲ್ವುಗಳು ಕಂದು ಅಂಟಿನಲ್ಲಿ ಸಿಕ್ಕಿಕೊಂಡಿರುತ್ತಿದ್ದವು, ಹಿಂದಿನ ಬೇರಿಂಗಿನಲ್ಲಿ ತುಕ್ಕಿನ ಪುಡಿ. ತಿರುಗಿಸಿದರೆ ಮರಳು ಅರೆದಂತೆ ಸದ್ದು.

ಕಲ್ಲೇಶಪ್ಪ ತಮ್ಮದನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಬೆಂಚಿನ ಮೇಲಿಟ್ಟರು. “ಈಗ ಇಲಿ ಎಲ್ಲಿಂದ ಬಂತು ಹೇಳಿ ಸರ್.”

“ಯಾರು ಮುಟ್ಟಿದ್ದು?”

“ನೀವೇ ಮುಟ್ಟಿದ್ದು. ಬಂದಿದ್ದ ಪೆಟ್ಟಿಗೆ ಹಂಗೇ ಇತ್ತು. ನಿಮ್ಮಲ್ಲಿ ಯಾರೋ ಪಳಗಿಸ್ದೇ ಕಳಿಸ್ತಾವ್ರೆ ಅಂತ ನಮ್ ಕಡೆ ಮಾತಾಡ್ಕೊತಿದಾರೆ. ಭಾನುವಾರದವ್ರು ಯಾರೂ ಇನ್ಮೇಲೆ ಇಲ್ಲಿಗ್ ಕೊಡಲ್ಲ.”

ಅವರು ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ? ನಾನು ಒಂದು ಉಪಾಯ ಮಾಡಿದೆ. ಮುಂದೆ ಹೊರಟ ಪ್ರತಿ ಎಂಜಿನ್ನಿನ ತಿರುಪುಗಳ ಮೇಲೆ, ಅರ್ಧ ತಿರುಪಿಗೆ ಅರ್ಧ ಮೈಗೆ ತಾಗುವಂತೆ, ಉಗುರುಬಣ್ಣದ ಒಂದೊಂದು ಬೊಟ್ಟು ಇಟ್ಟೆ. ಬಿಚ್ಚಿದರೆ ಬೊಟ್ಟು ಬಿರಿಯಲೇಬೇಕು. ಹಾಗೆ ಹೋದವುಗಳಲ್ಲೂ ಕೆಲವು ವಾಪಸು ಬಂದವು. ಭೂತಗನ್ನಡಿ ಹಿಡಿದು ನೋಡಿದೆ. ಬೊಟ್ಟುಗಳು ಇಟ್ಟ ಹಾಗೇ ಇದ್ದವು. ಒಳಗೆ ಅದೇ ಅಂಟು, ಅದೇ ತುಕ್ಕು.

ಚಿಕ್ಕಪ್ಪನಿಗೆ ತೋರಿಸಿದೆ. ಅವರು ಬೊಟ್ಟುಗಳ ಮೇಲೆ ಉಗುರು ಆಡಿಸಿದರು. “ಹಂಗಾದ್ರೆ ಅವ್ರಲ್ಲ. ನಮ್ಮಲ್ಲೇ,” ಎಂದರು. ಬೇರಿಂಗನ್ನು ತಿರುಗಿಸಿ ನೋಡಿ, “ತುಕ್ಕು ಬಂದಿದೆ ಅಂದ್ರೆ ಎಣ್ಣೆ ಬಿಟ್ಟಿಲ್ಲ. ಎಣ್ಣೆ ಬಿಡೋನು ಯಾರು?” ಎಂದರು.

ಗಿರಾಕಿಗಳನ್ನು ಹಿಡಿಯಲು ಇಟ್ಟ ಬೊಟ್ಟು ಶೇಖರಪ್ಪನವರನ್ನು ಹಿಡಿಯಿತು. ಚಿಕ್ಕಪ್ಪ ಅವರನ್ನು ಬೆಂಚಿನ ಮುಂದೆ ಕರೆದದ್ದು, ತುಕ್ಕಿನ ಬೇರಿಂಗನ್ನು ಬಿಳಿ ಬಟ್ಟೆಯ ಮೇಲೆ ಇಟ್ಟದ್ದು ನನಗೆ ನೆನಪಿದೆ. ಕಲ್ಲೇಶಪ್ಪನೂ ಅಲ್ಲಿದ್ದರು. ಬೇಕೆಂದೇ ಕರೆಸಿದ್ದರೋ, ಬಂದವರು ಕೂತಿದ್ದರೋ ತಿಳಿಯದು.

“ಶೇಖರಪ್ಪ, ಇದಕ್ಕೆ ಎಣ್ಣೆ ಬಿಟ್ಟಿದ್ರಾ?”

“ಬಿಟ್ಟಿದೀನಿ ಸರ್.”

“ಎಲ್ಲದಕ್ಕೂ?”

“ಎಲ್ಲದಕ್ಕೂ. ಬಿಡ್ದೇ ಇದ್ದಿದ್ರೆ ಬಿಟ್ಟಿಲ್ಲ ಅಂತಿದ್ದೆ.”

“ಮತ್ತೆ ತುಕ್ಕು?”

“ಗೊತ್ತಿಲ್ಲ ಸರ್. ಹುಡುಕ್ಬೇಕು.”

“ರೈಲಿಗೆ ಹೊತ್ತಾಯ್ತು ಅಂತ ಸಂಜೆ ಓಡೋರು ಏನ್ ಹುಡುಕ್ತೀರಾ?”

ಶೇಖರಪ್ಪ ನನ್ನ ಕಡೆ ನೋಡಿದರು. ಅವರು ಎಣ್ಣೆ ಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ‘ಎಷ್ಟೋ ಸಲ’ ಎಂದರೆ ಪ್ರತಿ ಸಲ ಅಲ್ಲ. ಅಷ್ಟನ್ನೇ ಹೇಳಿದೆ. ಅವರು ಸೋಪಿನ ಪುಡಿ ಹಾಕಿ ಕೈ ತೊಳೆದುಕೊಂಡು, ಕೊಡೆ ತೆಗೆದುಕೊಂಡು, ಮಧ್ಯಾಹ್ನವೇ ಸ್ಟೇಷನ್ನಿಗೆ ಹೋದರು. ಮತ್ತೆ ಬರಲಿಲ್ಲ. ಚಿಕ್ಕಪ್ಪ ಕರೆಯಲೂ ಇಲ್ಲ. ಮುಂದಿನ ಭಾನುವಾರ ಶಿವನಿಯ ಹೊಲದಲ್ಲಿ ಎಲ್ಲರಿಗೂ ಸುದ್ದಿ ಗೊತ್ತಿತ್ತು: ತರೀಕೆರೆ ಶೇಖರಪ್ಪ ಎಣ್ಣೆ ಬಿಡದೆ ಎಂಜಿನ್ ಪ್ಯಾಕ್ ಮಾಡುತ್ತಿದ್ದರಂತೆ.

ಅವರ ಕೆಲಸವೂ ನನಗೇ ಬಂತು. ನಾನೇ ಬೆರೆಸಿ, ನಾನೇ ಓಡಿಸಿ, ನಾನೇ ಕಾಪಿನ ಎಣ್ಣೆ ಬಿಟ್ಟು, ತಿರುಗಿಸಿ, ಪ್ಯಾಕ್ ಮಾಡಿದೆ. ಒಂದು ಎಂಜಿನ್ನನ್ನು ಕಳಿಸದೆ ಕಪಾಟಿನಲ್ಲಿ ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆ? ಶೇಖರಪ್ಪನವರ ಮೇಲೆ ನಂಬಿಕೆಯಿಂದಲೋ, ನನ್ನ ಮೇಲೆ ಅಪನಂಬಿಕೆಯಿಂದಲೋ ಈಗ ಹೇಳಲಾರೆ. ಕೆಲವು ವಾರದ ಮೇಲೆ ತೆಗೆದು ಪ್ರೊಪೆಲ್ಲರ್ ತಿರುಗಿಸಿದೆ. ಮರಳು ಅರೆದ ಸದ್ದು.

ಆ ದಿನ ನಾನು ಅನುಮಾನಿಸದ ವಸ್ತು ಇರಲಿಲ್ಲ. ಮೆಥನಾಲ್ ಡ್ರಮ್ಮಿನ ಮುಚ್ಚಳ, ಟ್ಯಾಂಕು, ನಳಿಕೆ, ಪ್ಲಗ್ಗು, ಉಸಿರುಮೂತಿ ಒಂದೊಂದನ್ನೇ ಬದಲಿಸಿ ಓಡಿಸಿದೆ. ಓಡಿಸುವಾಗ ಹೊಗೆಯ ವಾಸನೆ ನನ್ನನ್ನು ತಡೆಯಿತು. ಹರಳೆಣ್ಣೆ ಬೆರೆತ ಹೊಗೆಗೆ ಒಂದು ಸಿಹಿ ವಾಸನೆ ಇರುತ್ತದೆ. ಅದರ ಜೊತೆ ಇನ್ನೊಂದಿತ್ತು, ಹುರಿದು ಸೀದ ವಾಸನೆ. ತಲೆಗೆ ಎಣ್ಣೆ ಹಚ್ಚಿ ನೀರು ಹಾಕುವ ದಿನ ಬಚ್ಚಲುಮನೆಯಲ್ಲಿ ಬರುವಂಥದ್ದು. ನಮ್ಮ ಸೀಮೆಯಲ್ಲಿ ಮನೆಯಲ್ಲಿ ಹರಳೆಣ್ಣೆ ತೆಗೆಯುವ ರೀತಿಯೇ ಬೇರೆ. ಹೊಲದ ಬದುವಿನ ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಕಾಯಿಸುತ್ತಾರೆ. ತಲೆಗೆ, ಹೊಟ್ಟೆಗೆ, ಗಾಡಿಯ ಅಚ್ಚಿಗೆ ಅದು ಒಳ್ಳೆಯದು. ಆದರೆ ಅದರಲ್ಲಿ ನೀರಿನಂಶ ಉಳಿಯುತ್ತದೆ, ಬೀಜದ ಅಂಟೂ ಉಳಿಯುತ್ತದೆ.

ಉಗ್ರಾಣದ ಡಬ್ಬದಿಂದ ಒಂದು ಸೌಟು ಎಣ್ಣೆ ತಂದು ಅಡುಗೆಮನೆಯ ಒಲೆಯ ಮೇಲೆ ಹಿಡಿದೆ. ಚಟಪಟ ಸಿಡಿಯಿತು. ಮಿಲ್ಲಿನಿಂದ ಹೊಸದಾಗಿ ಒಂದು ಸೀಸೆ ತರಿಸಿ ಅದನ್ನೂ ಹಿಡಿದೆ. ಸುಮ್ಮನೆ ಬಿಸಿಯಾಯಿತು. ಎರಡನ್ನೂ ಬೇರೆ ಬೇರೆ ಗಾಜಿನ ಲೋಟದಲ್ಲಿ ಮೆಥನಾಲಿಗೆ ಬೆರೆಸಿ ಇಟ್ಟೆ. ಮಿಲ್ಲಿನದು ತಿಳಿಯಾಗಿ ಕರಗಿತು. ಡಬ್ಬದ್ದು ಮಬ್ಬಾಗಿ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಕಂದು ಮಡ್ಡಿ ಕೂತಿತ್ತು. ನೀರೂ ಅಂಟೂ ಇಂಧನದಲ್ಲೇ ಇದ್ದ ಮೇಲೆ ಕಡೆಗೆ ಬಿಡುವ ಕಾಪಿನ ಎಣ್ಣೆ ಏನು ಮಾಡೀತು?

ಲೋಟಗಳನ್ನು ಚಿಕ್ಕಪ್ಪನ ಮುಂದೆ ಇಟ್ಟೆ. ಅವರು ಎರಡನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

“ಆ ಡಬ್ಬ ತೊಳ್ಸಿಬಿಡು. ಇನ್ಮೇಲೆ ಎಣ್ಣೆ ಶೆಡ್ಡಲ್ಲೇ ಇರ್ಲಿ, ಬೀಗ ಹಾಕಿ,” ಎಂದರು.

ಅಷ್ಟೇ. ‘ಯಾರು ಮುಟ್ಟಿದ್ದು?’ ಎಂದು ಅವರು ಕೇಳಲಿಲ್ಲ. ಒಂದು ನಟ್ಟಿನ ಗೀರಿಗೂ ಅದನ್ನು ಕೇಳಿದ ಮನುಷ್ಯ. ಅಥವಾ ಕೇಳಿದರೋ, ನಾನು ಮರೆತೆನೋ? ಆ ದಿನದ ದಿನಚರಿಯಲ್ಲಿ ಲೋಟಗಳ ಬಗ್ಗೆ ಇಡೀ ಪುಟ ಬರೆದಿದ್ದೇನೆ. ಅವರ ಮಾತಿನ ಬಗ್ಗೆ ಒಂದು ಸಾಲೂ ಇಲ್ಲ.

ಕೇಳಿದ್ದು ನಾನು, ಚಿಕ್ಕಮ್ಮನನ್ನು. ಚಿಕ್ಕಮ್ಮ ಸಖರಾಯಪಟ್ಟಣದವರು. ಅವರ ತವರಿನಿಂದ ವರ್ಷ ವರ್ಷ ಹರಳೆಣ್ಣೆ ಬರುತ್ತಿತ್ತು.

“ನಾನೇ ಕಣೇ ಹಾಕಿದ್ದು,” ಎಂದರು, ಏನೂ ಮುಚ್ಚಿಡದೆ. “ಉಗ್ರಾಣ ಗುಡಿಸ್ವಾಗ ಡಬ್ಬ ಉರುಳಿ ಅರ್ಧ ಚೆಲ್ಲೋಯ್ತು. ನಿಮ್ ಚಿಕ್ಕಪ್ಪ ಕೂಗಾಡ್ತಾರೆ ಅಂತ ನಮ್ಮೂರ್ದು ತುಂಬ್ಸಿಟ್ಟೆ. ಆಮೇಲೂ ಕಮ್ಮಿ ಆದಾಗೆಲ್ಲ ಹಾಕ್ತಿದ್ದೆ. ಮಿಲ್ಲೋರ್ದಕ್ಕಿಂತ ನಮ್ದು ಚೊಕ್ಕ ಅಲ್ವೇನೇ? ನಿನ್ ಕೂದ್ಲು ಬೆಳೆದಿದ್ದು ಅದ್ರಲ್ಲೇ.”

“ಎಂಜಿನ್ನಿಗೆ ಕೂದ್ಲಿಲ್ಲ ಚಿಕ್ಕಮ್ಮ.”

“ಗೊತ್ತಿದ್ರೆ ಹಾಕ್ತಿದ್ನಾ?”

ಅವರ ಮೇಲೆ ಸಿಟ್ಟು ಬರಲಿಲ್ಲ. ಮನೆಯ ಎಣ್ಣೆ ಒಳ್ಳೆಯದೆಂದು ಹಾಕಿದರು. ನಾನೇ ಬೆರೆಸುವವಳು, ಅಷ್ಟು ದಿನ ಮೂಗಿಗೆ ಹತ್ತಲಿಲ್ಲವೆಂದರೆ ಯಾರನ್ನು ಏನೆನ್ನಲಿ? ಕಿರಿಯರಿಗೆ ಹೇಳುವುದಾದರೆ ಇದನ್ನೇ: ಒಂದೇ ರೋಗ ಬೇರೆ ಬೇರೆ ಊರಿನ ಎಂಜಿನ್‌ಗಳಿಗೆ ಬಂದರೆ, ಮನುಷ್ಯರನ್ನು ಬಿಟ್ಟು ಮೊದಲು ಎಲ್ಲದರೊಳಗೂ ಹೋದ ವಸ್ತು ಯಾವುದೆಂದು ನೋಡಿ. ನಾವು ಮನುಷ್ಯರಿಂದ ಶುರುಮಾಡಿದೆವು.

ನಾನು ರೈಲು ಹತ್ತಿ ತರೀಕೆರೆಗೆ ಹೋದೆ. ಶೇಖರಪ್ಪ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಸುತ್ತುವ ಅಂಗಡಿ ಇಟ್ಟಿದ್ದರು. ಎಲ್ಲವನ್ನೂ ಹೇಳಿದೆ, ಒಲೆಯ ಮೇಲೆ ಎಣ್ಣೆ ಸಿಡಿದದ್ದು ಸಹ. ಅವರು ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ.

“ಸರ್ ಕಳ್ಸಿದ್ರಾ, ನೀವಾಗೇ ಬಂದ್ರಾ?”

“ನಾನೇ ಬಂದೆ.”

“ಹಂಗಾದ್ರೆ ಟೀ ಕುಡ್ಕೊಂಡ್ ಹೋಗಿ.”

ಟೀ ತರಿಸಿದರು. ಮತ್ತೆ ಬರುತ್ತೀರಾ ಎಂದು ಕೇಳಿದೆ. “ಅಲ್ಲಿ ಇಬ್ರಿಗೆ ಕೆಲ್ಸ ಎಲ್ಲಿದೆ ಸುಮಿತ್ರಮ್ಮ? ಬರೋದು ಬೇಡ. ಕಲ್ಲೇಶಪ್ಪನ ಎದ್ರಿಗೆ ನನ್ನ ಕೇಳಿದ್ರಲ್ಲ, ಕಲ್ಲೇಶಪ್ಪನ ಎದ್ರಿಗೇ ಹಂಗಲ್ಲ ಅಂತ ಹೇಳ್ಲಿ. ಸಾಕು. ಇಲ್ಲಿ ಹುಡುಗ್ರು ವಿಮಾನ ಹಾರ್ಸೋರು ನನ್ನ ಕಂಡ್ರೆ ಎಂಜಿನ್ನು ಚೀಲಕ್ ಹಾಕ್ಕೊತಾರೆ.”

ಚಿಕ್ಕಪ್ಪನಿಗೆ ಹೇಳಿದೆ. “ನೋಡೋಣ,” ಎಂದರು. ಮತ್ತೊಮ್ಮೆ ಹೇಳಿದೆ. “ಹಳೇದು ಕೆದಕಿ ಏನಾಗ್ಬೇಕು?” ಎಂದರು. ನಾನೇ ಅಜ್ಜಂಪುರಕ್ಕೆ ಹೋಗಿ ಕಲ್ಲೇಶಪ್ಪನಿಗೆ ಹೇಳಿದೆ. ಅವರು ಎಲ್ಲ ಕೇಳಿ, “ಮೊದ್ಲು ಶೇಖರಪ್ಪ ಅಂದ್ರಿ. ಈಗ ಎಣ್ಣೆ ಅಂತೀರಾ. ನಾಳೆ ಇನ್ನೇನೋ ಅಂತೀರಾ. ಸರ್ ಬಾಯಲ್ಲಿ ಬರ್ಲಿ, ನಂಬ್ತೀನಿ,” ಎಂದರು. ನಮ್ಮಲ್ಲೇ ಕಲಿತ ಅನುಮಾನ ಅದು, ತಪ್ಪೆನ್ನಲಾಗದು.

ಚಿಕ್ಕಪ್ಪ ಹೇಳಲೇ ಇಲ್ಲ. ಅವರು ತೀರಿಕೊಂಡ ಮೇಲೂ ನಾನು ಶೆಡ್ಡು ನಡೆಸಿದೆ. ಮಂಡಿ ನೋವು ಬಂದ ಮೇಲೆ ಬೆಂಚು, ಹತಾರಗಳನ್ನು ಒಂದು ಕಾಲೇಜಿಗೆ ಕೊಟ್ಟು ನಿಲ್ಲಿಸಿದೆ. ಈಚೆಗೆ ತರೀಕೆರೆಯಲ್ಲಿ ಒಂದು ಮದುವೆಯಲ್ಲಿ ಶೇಖರಪ್ಪ ಸಿಕ್ಕಿದರು. ಎಲೆ ಮುಂದೆ ಪಕ್ಕ ಪಕ್ಕ ಕೂತಿದ್ದೆವು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಒಂದು ಕೇಳ್ತೀನಿ, ಬೇಜಾರಿಲ್ಲ ತಾನೇ?” ಎಂದರು. “ಎಣ್ಣೆ ಬದ್ಲಾಗಿದ್ದು ಸರ್‌ಗೆ ಗೊತ್ತಿತ್ತಾ? ನನ್ನ ಬೆಂಚಿನ್ ಮುಂದೆ ನಿಲ್ಸಿದ ದಿನ?”

“ಗೊತ್ತಿರಲಿಲ್ಲ ಅನ್ಸತ್ತೆ.”

“ಅನ್ಸತ್ತೆ ಅಂದ್ರೆ ಹೆಂಗೆ? ತಿಳೀದೆ ಬೈದಿದ್ರೆ ನಾನು ಎಂದೋ ಬಿಟ್ಟಾಯ್ತು. ತಿಳಿದೂ ನಿಲ್ಸಿದ್ರೆ ಅದು ಬೇರೆ. ಮೊಮ್ಮಗನಿಗೆ ಯಾವ್ದು ಹೇಳ್ಲಿ?”

ಬಡಿಸುವವರು ಬಂದರು. ಅವರು ಎಲೆಗೆ ಕೈ ಅಡ್ಡ ಹಿಡಿದು ಸಾಕು ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ತಿಳಿದಿದ್ದರೆ ಚಿಕ್ಕಪ್ಪನಿಗೆ ಅದರಿಂದ ಅನುಕೂಲವೇ ಆಗಿತ್ತು: ಇಬ್ಬರಲ್ಲಿ ಒಬ್ಬರು ತಾವಾಗಿಯೇ ಎದ್ದುಹೋದರು, ಹೆಂಡತಿಯ ಹೆಸರು ಹೊರಬರಲಿಲ್ಲ, ಉಳಿದದ್ದು ಅಣ್ಣನ ಮಗಳು. ತಿಳಿದಿರದಿದ್ದರೆ ಒಬ್ಬ ಸತ್ತ ಮನುಷ್ಯನನ್ನು ನಾನು ಇಷ್ಟು ವರ್ಷ ಸುಳ್ಳೇ ಅನುಮಾನಿಸುತ್ತಿದ್ದೇನೆ. ಗೊತ್ತಿರುವವರು ಈಗ ಒಬ್ಬರೇ. ಚಿಕ್ಕಮ್ಮ ಕಡೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಚುರುಕಾಗಿದೆ, ನೆನಪು ನನ್ನದಕ್ಕಿಂತ ಚೆನ್ನಾಗಿದೆ. ಮದುವೆಯಿಂದ ಬಂದವಳೇ ಅವರ ಹತ್ತಿರ ಹೋದೆ. ಅವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಮೊರಕ್ಕೆ ಕೈ ಹಾಕಿದೆ. ಶೇಖರಪ್ಪ ಸಿಕ್ಕಿದ್ದನ್ನು ಹೇಳಿ, ಕೇಳಿದೆ. ಅವರ ಕೈ ನಿಂತಿತು. ಆಮೇಲೆ ಒಂದು ಕಾಯಿ ತೆಗೆದುಕೊಂಡು, ಸುಲಿದು, ಕಾಳನ್ನು ಸಿಪ್ಪೆಯ ರಾಶಿ ಕಡೆ ಹಾಕಿದರು. ಅದಾದ ಮೇಲೆ ಎರಡು ಸಲ ಹೋಗಿ ಬಂದಿದ್ದೇನೆ. ಪ್ರತಿ ಸಲವೂ ನಾನು ಕೇಳುವುದು ಅದನ್ನೇ:

“ಚಿಕ್ಕಮ್ಮ, ಡಬ್ಬಕ್ಕೆ ನಿಮ್ಮೂರ ಎಣ್ಣೆ ಹಾಕಿದ್ದನ್ನ ನೀನು ಚಿಕ್ಕಪ್ಪನಿಗೆ ಹೇಳಿದ್ದು ಯಾವಾಗ, ಶೇಖರಪ್ಪ ಹೋಗೋಕೆ ಮುಂಚೆನಾ, ಹೋದ್ಮೇಲಾ?”